ಕೆಲಸದ ಜಾಗದ ಜಗಳ: ಯಾವುದನ್ನು ಮಾತಾಡಿ ಮುಗಿಸಬೇಕು, ಯಾವುದನ್ನು ಬರೆದು ಕೊಡಬೇಕು

ನಾನು ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗ ನೋಡಿಕೊಳ್ಳುತ್ತೇನೆ. ಸೇಲ್ಸ್ ಹುಡುಗಿಯಾಗಿ ಈ ಕೆಲಸಕ್ಕೆ ಬಂದವಳು, ಈಗ ಫ್ಲೋರ್ ಇನ್‌ಚಾರ್ಜ್. ನನ್ನ ಜೊತೆ ಇರುವವರಲ್ಲಿ ಸುಮಾರು ಜನ ಹರಿಹರ, ಜಗಳೂರು, ಮಾಯಕೊಂಡ ಕಡೆಯಿಂದ ದಿನಾ ಬಸ್ಸಿಗೆ ಬಂದು ಹೋಗುವವರು. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಕ್ಯಾಶ್ ಲೆಕ್ಕ ಮುಗಿಯುವ ತನಕ ಒಂದೇ ಮಹಡಿಯಲ್ಲಿ ಇರುತ್ತೇವೆ. ಮನೆಯವರ ಮುಖಕ್ಕಿಂತ ಜಾಸ್ತಿ ಹೊತ್ತು ಒಬ್ಬರ ಮುಖ ಒಬ್ಬರು ನೋಡಬೇಕು. ಇಲ್ಲಿ ಜಗಳ ಆಗಬಾರದು ಅಂದರೆ ಆಗುತ್ತಾ?

ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದದ್ದು ಇಷ್ಟು. ನಮ್ಮ ನಡುವಿನ ಬಹುಪಾಲು ಜಗಳದಲ್ಲಿ ಕೆಟ್ಟವರು ಅಂತ ಯಾರೂ ಇರುವುದಿಲ್ಲ. ಕೆಲಸದ ಯಾವುದೋ ಒಂದು ಕಟ್ಟಳೆ ಸರಿ ಇರುವುದಿಲ್ಲ, ಇಲ್ಲವೇ ಕಟ್ಟಳೆಯೇ ಇರುವುದಿಲ್ಲ. ಅದರ ನಷ್ಟ ಒಬ್ಬರ ತಲೆ ಮೇಲೆ ಬೀಳುತ್ತದೆ. ಆ ಸಿಟ್ಟು ಪಕ್ಕದಲ್ಲಿ ನಿಂತವರ ಮೇಲೆ ತಿರುಗುತ್ತದೆ. ಇಂಥವನ್ನು ಮಾತಾಡಿ ಮುಗಿಸಬಹುದು. ಇನ್ನು ಕೆಲವು ಇವೆ. ಅವು ಜಗಳವೇ ಅಲ್ಲ, ದೌರ್ಜನ್ಯ. ಅವನ್ನು "ಹೋಗ್ಲಿ ಬಿಡು, ಹೊಂದಿಕೊಂಡು ಹೋಗು" ಅಂತ ಮುಚ್ಚಿ ಹಾಕಬಾರದು. ಯಾವುದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು.

ಜಗಳದ ಬುಡ ಎಲ್ಲಿದೆ ನೋಡಿ

ಮದುವೆ ಜವಳಿ ತೆಗೆಯಲು ಹೊನ್ನಾಳಿ ಕಡೆಯ ಒಂದು ಮನೆಯವರು ಬಂದರು ಅಂದುಕೊಳ್ಳಿ. ಹತ್ತು ಹನ್ನೆರಡು ಜನ. ಧಾರೆ ಸೀರೆ ಆಗಬೇಕು, ಬೀಗರ ಕಡೆಯವರಿಗೆ ಆಗಬೇಕು, ಅತ್ತಿಗೆ ನಾದಿನಿಯರಿಗೆ ಆಗಬೇಕು. ಹನ್ನೊಂದಕ್ಕೆ ಕೂತವರು ಮೂರಾದರೂ ಏಳುವುದಿಲ್ಲ. ಒಬ್ಬಳು ಎರಡು ಗಂಟೆ ತನಕ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ, ಹಸಿವು ತಾಳಲಾರದೆ ಊಟಕ್ಕೆ ಹೋದಳು. ವಾಪಸ್ ಬರುವಷ್ಟರಲ್ಲಿ ಇನ್ನೊಬ್ಬಳು ಬಿಲ್ ಮಾಡಿಸಿಯಾಗಿತ್ತು. ಬಿಲ್ಲಿನ ಮೇಲೆ ಯಾರ ಸೇಲ್ಸ್ ಕೋಡ್, ಅಂದರೆ ಮಾರಿದವರ ನಂಬರ್, ಬೀಳುತ್ತದೋ ಇನ್ಸೆಂಟಿವ್ ಅವರಿಗೆ. ಸಂಬಳದ ಮೇಲೆ ಮಾರಾಟಕ್ಕೆ ಸಿಗುವ ದುಡ್ಡು ಅದು. ಇತ್ತ ಗಾದಿ ಮೇಲೆ ಬಿಚ್ಚಿದ ಸೀರೆಗಳ ಗುಡ್ಡೆ ಹಾಗೇ ಬಿದ್ದಿದೆ. ಅದನ್ನು ಮಡಿಚಲು ಕೂತವಳು ಮೊನ್ನೆ ಮೊನ್ನೆ ಸೇರಿದ ಹುಡುಗಿ.

ಒಂದು ರೇಷ್ಮೆ ಸೀರೆ ಮಡಿಚುವುದನ್ನು ಹತ್ತಿರದಿಂದ ನೋಡಿ. ಬಾರ್ಡರ್ ಮೇಲೆ ಬಾರ್ಡರ್ ಕೂರಬೇಕು. ಜರಿ ಮುರಿಯಬಾರದು. ಸೆರಗು ಮೇಲೆ ಕಾಣಬೇಕು. ರೇಟಿನ ಚೀಟಿ ಹೊರಗೆ ಬರಬೇಕು. ಹಳೆ ಮಡಿಕೆಯ ಗೆರೆಯಲ್ಲೇ ಮಡಿಚಬೇಕು, ಇಲ್ಲದಿದ್ದರೆ ಎರಡು ಗೆರೆ ಬಿದ್ದು ಗಿರಾಕಿ "ಇದು ಯಾರೋ ಉಟ್ಟು ಬಿಟ್ಟಿದ್ದು" ಅನ್ನುತ್ತಾರೆ. ಅವಸರದ ಕೆಲಸ ಅಲ್ಲವೇ ಅಲ್ಲ. ಆ ಹುಡುಗಿ ಮೊಣಕಾಲೂರಿ ಒಂದೊಂದೇ ಮಡಿಚುತ್ತಿರುವಾಗ ಮೆಟ್ಟಿಲು ಹತ್ತಿ ಬಂದ ಮುಂದಿನ ಗಿರಾಕಿ ಬೇರೆಯವರ ಪಾಲಾಯಿತು. ಅಂದರೆ ಅವಳಿಗೆ ಕೋಡೂ ಇಲ್ಲ, ಗಿರಾಕಿಯೂ ಇಲ್ಲ.

ಸಂಜೆ ನನ್ನ ಹತ್ತಿರ ದೂರು ಬರುತ್ತದೆ. ಒಬ್ಬಳು, "ಅಕ್ಕ, ಅವಳಿಗೆ ಕೊಬ್ಬು ಜಾಸ್ತಿ." ಇನ್ನೊಬ್ಬಳು, "ನನ್ನ ಕಂಡ್ರೆ ಮುಖ ತಿರುಗಿಸ್ತಾಳಕ್ಕ, ನಾನೇನ್ ಮಾಡೀನಿ ಅವಳಿಗೆ?" ಹೊಸ ಹುಡುಗಿ ಏನೂ ಹೇಳುವುದಿಲ್ಲ, ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಾಳೆ. ಕೋಡಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಮಡಿಚುವ ಮಾತೂ ಇಲ್ಲ. ದುಡ್ಡಿನ ವಿಷಯ ಎತ್ತಿದರೆ ಸಣ್ಣವರಾಗುತ್ತೇವೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ಒಂದು ಸಂಕೋಚ. ಅದಕ್ಕೇ ಗುಣದ ಮೇಲೆ ದೂರು ಹೇಳುತ್ತಾರೆ.

ಇಂಥ ಹೊತ್ತಲ್ಲಿ ನಾನು ಕೇಳುವುದು ಎರಡೇ ಪ್ರಶ್ನೆ. "ಯಾವತ್ತಿಂದ ಹಿಂಗಾಯ್ತು?" ಆಮೇಲೆ, "ಅವತ್ತು ಅಂಗಡೀಲಿ ಏನಾಗಿತ್ತು?" ದಿನ ಸಿಕ್ಕರೆ ಕಾರಣ ಸಿಗುತ್ತದೆ. ಕಾರಣ ಸಿಕ್ಕರೆ ಇಬ್ಬರ ಗುಣದ ಬಗ್ಗೆ ಪಂಚಾಯ್ತಿ ಮಾಡುವ ಗೋಜೇ ಇಲ್ಲ.

ನಮ್ಮಲ್ಲಿ ಆಮೇಲೆ ಮಾಡಿದ ಕಟ್ಟಳೆ ಹೀಗಿದೆ. ಜವಳಿ ಗಿರಾಕಿಗೆ ಇಬ್ಬರನ್ನು ಹಾಕುವುದು, ಬಿಲ್ಲಿನಲ್ಲಿ ಇಬ್ಬರ ಕೋಡ್, ಇನ್ಸೆಂಟಿವ್ ಅರ್ಧ ಅರ್ಧ. ಊಟಕ್ಕೆ ಏಳುವವರು ಗಿರಾಕಿಯನ್ನು ಯಾರಿಗೆ ಒಪ್ಪಿಸಿದೆ ಅಂತ ಕೌಂಟರ್ ಪುಸ್ತಕದಲ್ಲಿ ಬರೆದು ಏಳಬೇಕು. ಗಿರಾಕಿ ಎದ್ದ ಮೇಲೆ ಬಿಲ್ಲಿಗೆ ಹೋಗುವವರು ಒಬ್ಬರೇ. ಉಳಿದವರು ಮಡಿಚಬೇಕು, ಬಿಲ್ ಮುಗಿಸಿ ಬಂದವರೂ ಕೂತು ಮಡಿಚಬೇಕು. ಇದನ್ನು ಕಾಗದದಲ್ಲಿ ಬರೆದು ಬಿಲ್ಲಿಂಗ್ ಕೌಂಟರ್ ಒಳಗಡೆ ಅಂಟಿಸಿದ್ದೇವೆ. ಆ ಇಬ್ಬರು ಗೆಳತಿಯರೇನೂ ಆಗಲಿಲ್ಲ. ಆದರೆ ಈಗ "ಆ ಮೈಸೂರು ಸಿಲ್ಕ್ ಬಾಕ್ಸ್ ಇತ್ಲಾಗೆ ಕೊಡೇ" ಅನ್ನುವಷ್ಟು ಮಾತು ಇದೆ. ಕೆಲಸಕ್ಕೆ ಅಷ್ಟು ಸಾಕು. ಎಲ್ಲರೂ ಅಕ್ಕ ತಂಗಿಯರ ಹಾಗೆ ಇರಬೇಕು ಅಂತ ಒತ್ತಾಯ ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ.

ನಿಮ್ಮದು ಆಸ್ಪತ್ರೆ ಇರಬಹುದು, ಸೊಸೈಟಿ ಬ್ಯಾಂಕ್ ಇರಬಹುದು, ಶಾಲೆ ಇರಬಹುದು. ಅಲ್ಲಿ ಕೋಡಿನ ಬದಲು ನೈಟ್ ಡ್ಯೂಟಿ ಇರುತ್ತದೆ, ಇನ್‌ಸ್ಪೆಕ್ಷನ್ ದಿನ ಸಿಗದ ಫೈಲ್ ಇರುತ್ತದೆ, ಬೀರುವಿನ ಬೀಗದ ಕೈ ಇರುತ್ತದೆ. ಮನುಷ್ಯರನ್ನು ಅಳೆಯುವ ಮುಂಚೆ ಅದನ್ನು ಹುಡುಕಿ.

ರಜೆಯೂ ಹೀಗೇ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಇಡೀ ಊರಿನ ನೆಂಟರೆಲ್ಲ ಬರುವ ಹಬ್ಬ ಅದು. ಎಲ್ಲರಿಗೂ ಅವತ್ತೇ ರಜೆ ಬೇಕು. ಜಾತ್ರೆಗೆ ಬಂದ ನೆಂಟರು ಬಟ್ಟೆ ಕೊಳ್ಳಲು ಬರುವುದೂ ಅದೇ ವಾರ. ಯಾರು ಮೊದಲು ಕೇಳುತ್ತಾರೋ ಅವರಿಗೆ ರಜೆ ಅಂತ ಬಿಟ್ಟರೆ ಜಗಳ ಖಚಿತ. ತಿಂಗಳು ಮುಂಚೆಯೇ ಎಲ್ಲರನ್ನೂ ಕೂರಿಸಿ ಪಟ್ಟಿ ಹಾಕಬೇಕು, ಹೋದ ಸಲ ಯಾರು ಬಿಟ್ಟುಕೊಟ್ಟಿದ್ದರು ಅಂತ ಅದರಲ್ಲಿ ಬರೆದಿರಬೇಕು. ನಮ್ಮಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದಾರೆ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವರ ಕೌಂಟರ್ ನಾವು ನೋಡುತ್ತೇವೆ. ಯುಗಾದಿ, ದೀಪಾವಳಿಗೆ ನಮ್ಮದನ್ನು ಅವರು ನೋಡುತ್ತಾರೆ. ಇದು ಬಾಯಿ ಮಾತಲ್ಲ, ಪಟ್ಟಿಯಲ್ಲೇ ಇದೆ. ಹಾಗಾಗಿ ಯಾರೂ ಯಾರ ಮೇಲೂ ಉಪಕಾರ ಹೊರಿಸುವ ಹಾಗಿಲ್ಲ.

ಇನ್ನೊಂದು ಕಾರಣ ಇದೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಲು ನೋವು. ನಮ್ಮಲ್ಲಿ ಜಗಳ ಜಾಸ್ತಿ ಆಗುವುದು ಸಂಜೆ ಆರರ ಮೇಲೆ. ಬೆಳಿಗ್ಗೆಯಿಂದ ನಿಂತು ಪಾದ ಊದಿರುತ್ತದೆ, ಮಧ್ಯಾಹ್ನದ ಊಟ ಅರ್ಧ ಆಗಿರುತ್ತದೆ, ಏಪ್ರಿಲ್ ತಿಂಗಳಾದರೆ ದಾವಣಗೆರೆ ಬಿಸಿಲು ಬೇರೆ. ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ ಕಾನೂನು ಮಾಡಿದರು. ಇದಕ್ಕಾಗಿ ಹೋರಾಡಿದವರು ನಮ್ಮಂಥ ಹೆಣ್ಣುಮಕ್ಕಳೇ. ನಿಮ್ಮ ಅಂಗಡಿಯಲ್ಲಿ ಸಂಜೆ ಜಗಳ ಜಾಸ್ತಿ ಇದ್ದರೆ ಬುದ್ಧಿ ಹೇಳುವ ಮುಂಚೆ ಕೌಂಟರಿಗೆ ಒಂದು ಸ್ಟೂಲ್ ಹಾಕಿಸಿ ನೋಡಿ. ನಾಲ್ಕೂವರೆಗೆ ಮಂಡಕ್ಕಿ, ಟೀ ತರಿಸಿ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ನೇರವಾಗಿ ಮಾತಾಡುವುದು ಹೇಗೆ

ನಿಮಗೇ ಬೇಜಾರಾಗಿದ್ದರೆ ಅವರ ಹತ್ತಿರವೇ ಹೋಗಿ. ಬೇರೆಯವರ ಹತ್ತಿರ ಹೇಳಿಕೊಂಡು ಹೋಗುವುದು ಆಮೇಲೆ. ಗಿರಾಕಿ ಮುಂದೆ ಬೇಡ, ಊಟದ ಡಬ್ಬಿ ಮುಂದೆ ಬೇಡ, ಬಸ್‌ಸ್ಟಾಪಿನಲ್ಲಿ ಬೇಡ. ನಮ್ಮಲ್ಲಿ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಹೊತ್ತು ಗಿರಾಕಿ ಕಡಿಮೆ. ಗೋಡೌನಿನ ಬಾಗಿಲ ಹತ್ತಿರ ಇಬ್ಬರೇ ನಿಂತು ಮಾತಾಡಬಹುದು. ಸಿಟ್ಟು ಬಂದ ಗಳಿಗೆಯಲ್ಲಿ ಬೇಡ, ಆದರೆ ತುಂಬಾ ದಿನ ಬಿಡಲೂ ಬೇಡ. ಮಾರನೆಯ ದಿನ ಒಳ್ಳೆಯದು.

ಮಾತು ಹೇಗಿರಬೇಕು? "ನೀನು ಯಾವಾಗ್ಲೂ ಹಿಂಗೇ, ಬೇರೆಯವರ ಗಿರಾಕಿ ಕಿತ್ಕೊಳ್ಳೋದೇ ನಿನ್ ಕೆಲ್ಸ" ಅಂದರೆ ಅಲ್ಲಿಗೆ ಮುಗಿಯಿತು. "ಯಾವಾಗ್ಲೂ" ಅಂದ ತಕ್ಷಣ ಎದುರಿನವರು ನಿಮ್ಮ ಹಳೆ ತಪ್ಪು ಹುಡುಕಲು ಶುರು ಮಾಡುತ್ತಾರೆ. ಬದಲಿಗೆ ಹೀಗೆ ಹೇಳಿ: "ಶುಕ್ರವಾರ ಹೊನ್ನಾಳಿಯವರ ಬಿಲ್ಲಿಗೆ ನಿನ್ನ ಕೋಡ್ ಬಿದ್ದಿದೆ. ಎರಡು ಗಂಟೆ ತನಕ ನಾನು ತೋರಿಸಿದ್ದೆ. ನನಗೆ ಬೇಜಾರಾಯ್ತು. ಅದು ಹೆಂಗಾಯ್ತು ಹೇಳು." ದಿನ ಹೇಳಿದಿರಿ, ಆಗಿದ್ದು ಹೇಳಿದಿರಿ, ನಿಮಗಾದದ್ದು ಹೇಳಿದಿರಿ, ಕೊನೆಗೆ ಕೇಳಿದಿರಿ. ಕೇಳಿದ ಮೇಲೆ ಸುಮ್ಮನಿರಬೇಕು. ಇದು ಬಹಳ ಕಷ್ಟ. ಅವರು ಉತ್ತರ ಹುಡುಕುವಾಗ ನಾವು ನಡುವೆ ಬಾಯಿ ಹಾಕುತ್ತೇವೆ. ಬೇಡ, ಕಾಯಿರಿ. ಎಷ್ಟೋ ಸಲ "ಅಯ್ಯೋ, ಬಿಲ್ಲಿಂಗಿನವ್ರು ಕೇಳಿದ್ರು, ನಾನೇ ಪಕ್ಕದಲ್ಲಿದ್ದೆ, ನನ್ನ ಕೋಡ್ ಹೊಡೆದ್ರು" ಅನ್ನುವಷ್ಟೇ ವಿಷಯ ಇರುತ್ತದೆ. ಆಗ, "ಹಂಗಾದ್ರೆ ಮುಂದಿನ ಸಲ ನನ್ನ ಕೋಡೂ ಹಾಕ್ಸು" ಅಂದರೆ ಆಯಿತು.

ಎದುರಿನವರು ವಯಸ್ಸಿನಲ್ಲಿ ದೊಡ್ಡವರಾದರೆ ಮಾತಿನ ಧಾಟಿ ಬದಲಾಗಬೇಕು. ಇಪ್ಪತ್ತು ವರ್ಷ ಶರ್ಟಿಂಗ್ ಸೂಟಿಂಗ್ ಅಳೆದ ಅಣ್ಣನಿಗೆ ನಿನ್ನೆ ಬಂದ ಹುಡುಗ "ನೀವು ತಪ್ಪು ಮಾಡಿದ್ರಿ" ಅಂದರೆ ಅವರು ಕೇಳುವುದಿಲ್ಲ. "ಅಣ್ಣ, ಒಂದು ವಿಷಯ ನನಗೆ ಸರಿಯಾಗಿ ತಿಳೀಲಿಲ್ಲ, ನೀವೇ ಹೇಳ್ರಿ" ಅಂತ ಶುರು ಮಾಡಿದರೆ ಅದೇ ಮಾತನ್ನು ಕೂತು ಕೇಳುತ್ತಾರೆ. ಇದು ಬೆಣ್ಣೆ ಹಚ್ಚುವುದಲ್ಲ. ಹೇಳಬೇಕಾದ್ದನ್ನು ಬಿಡದೆ ಹೇಳಿ, ಅವರ ಮರ್ಯಾದೆ ಉಳಿಸಿ ಹೇಳಿ. ಹಾಗೆಯೇ ದೊಡ್ಡವರಿಗೂ ಒಂದು ಮಾತು. ಚಿಕ್ಕವರನ್ನು ಎಲ್ಲರ ಮುಂದೆ "ಏಯ್, ಬಾರೇ ಇಲ್ಲಿ" ಅನ್ನಬೇಡಿ. ಏಕವಚನದಿಂದ ಶುರುವಾದ ಎಷ್ಟು ಜಗಳ ನಾನು ನೋಡಿದ್ದೇನೋ. ಸಲಿಗೆ ಇದ್ದರೆ ಅದು ಬೇರೆ. ಸಲಿಗೆ ಇಲ್ಲದಾಗ ಹೆಸರು ಹಿಡಿದು "ಬನ್ನಿ" ಅಂದರೆ ಕಳೆದುಕೊಳ್ಳುವುದೇನೂ ಇಲ್ಲ.

ನಿಮ್ಮದೇ ತಪ್ಪಿದೆ ಅಂತ ಮಾತಿನ ನಡುವೆ ಗೊತ್ತಾದರೆ ಅಲ್ಲೇ ಒಪ್ಪಿಕೊಳ್ಳಿ. "ಆದ್ರೂ ನೀನು..." ಅಂತ ಬಾಲ ಸೇರಿಸಬೇಡಿ.

ಸುದ್ದಿ ಸಾಗಿಸುವವರು, ಸ್ಟೇಟಸ್ ಹಾಕುವವರು

ಇಬ್ಬರ ಜಗಳ ಇಡೀ ಮಹಡಿಗೆ ಹಬ್ಬುವುದು ಮೂರನೆಯವರಿಂದ. "ಅವಳು ನಿನ್ನ ಬಗ್ಗೆ ಹಿಂಗಂದ್ಲು ನೋಡು, ನಾನು ಹೇಳ್ದೆ ಅನ್ನಬೇಡ" ಅಂತ ಕಿವಿ ಊದುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆಡಿದ ಮಾತು ನಿಜವೇ ಇರುತ್ತದೆ. ಆದರೆ ಯಾವ ಬೇಜಾರಲ್ಲಿ ಆಡಿದರು, ಅದರ ಹಿಂದೆ ಮುಂದೆ ಏನು ಹೇಳಿದರು ಅನ್ನುವುದು ದಾರಿಯಲ್ಲೇ ಉದುರಿ ಹೋಗಿರುತ್ತದೆ. ಇವರಿಗೆ ಒಂದೇ ಉತ್ತರ: "ಹೌದಾ, ಬಾ, ಅವಳ ಹತ್ರನೇ ಹೋಗಿ ಕೇಳೋಣ." ಬರುವುದಿಲ್ಲ ಅಂದರೆ ಆ ಮಾತನ್ನು ನಿಮ್ಮ ತಲೆಯಿಂದ ತೆಗೆದುಬಿಡಿ. ಎರಡು ಸಲ ಹೀಗೆ ಅಂದರೆ ಮೂರನೇ ಸಲ ನಿಮ್ಮ ಹತ್ತಿರ ಚಾಡಿ ಬರುವುದಿಲ್ಲ.

ಈಗ ವಾಟ್ಸ್ಆ್ಯಪ್ ಸ್ಟೇಟಸ್ ಜಗಳ ಬೇರೆ. ರಾತ್ರಿ ಮನೆಗೆ ಹೋಗಿ, "ನಂಬಿದವರೇ ಬೆನ್ನಿಗೆ ಚೂರಿ ಹಾಕುತ್ತಾರೆ" ಅಂತ ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ಹಾಕುತ್ತಾರೆ. ಹೆಸರಿಲ್ಲ. ಆದರೆ ಯಾರಿಗೆ ಅಂತ ಇಡೀ ಅಂಗಡಿಗೆ ಗೊತ್ತು. ಬೆಳಿಗ್ಗೆ ಆ ಕಡೆಯಿಂದ ಇನ್ನೊಂದು ಸ್ಟೇಟಸ್. ಸ್ಟೇಟಸ್ಸಿಗೆ ಸ್ಟೇಟಸ್‌ನಲ್ಲಿ ಉತ್ತರ ಕೊಡಬೇಡಿ. ನಿಮಗೇ ಅಂತ ಅನ್ನಿಸಿದರೆ ಮಾರನೆಯ ದಿನ ಹೋಗಿ, "ನಿನ್ ಸ್ಟೇಟಸ್ ನೋಡ್ದೆ. ನನ್ನಿಂದ ಏನಾದ್ರೂ ಬೇಜಾರಾಗಿದ್ರೆ ನನಗೇ ಹೇಳು" ಅನ್ನಿ. ಇಲ್ಲ ಅಂದರೆ ನಂಬಿ ಬಿಟ್ಟುಬಿಡಿ. ಅಂಗಡಿ ಗ್ರೂಪಿನಲ್ಲಿ ಕೆಲಸದ ಮಾತು ಮಾತ್ರ ಇರಲಿ. ಸ್ಟಾಕು, ಡ್ಯೂಟಿ, ರಜೆ, ಅಷ್ಟೇ. ಅಲ್ಲಿ ಯಾರನ್ನೂ ಬೈಯಬಾರದು, ಮೇಲಿನವರಂತೂ ಬೈಯಲೇಬಾರದು. ಎದುರಿಗೆ ಬೈದದ್ದನ್ನು ಮರೆಯಬಹುದು. ಫೋನಿನಲ್ಲಿ ಬರೆದದ್ದನ್ನು ಮನೆಯವರಿಗೆಲ್ಲ ತೋರಿಸಿ ಅಳುತ್ತಾರೆ.

ನೀವು ಮೇಲ್ವಿಚಾರಕರಾಗಿದ್ದರೆ

ಇಬ್ಬರ ಮಾತನ್ನೂ ಬೇರೆ ಬೇರೆ ಕೇಳಿ. ಮೊದಲು ಬಂದವರ ಮಾತೇ ನಿಜ ಅನ್ನಿಸುವುದು ಸಹಜ. ಅದಕ್ಕೇ ಎರಡನೆಯವರ ಮಾತು ಕೇಳುವ ತನಕ "ಛೇ, ಹಂಗಾ ಮಾಡಿದ್ಲಾ" ಅನ್ನಬೇಡಿ. ಕೇಳುವಾಗ ಬರೆದುಕೊಳ್ಳಿ. ಬರೆಯುತ್ತಿದ್ದಾರೆ ಅಂತ ಕಂಡರೆ ಜನ ಉಬ್ಬಿಸಿ ಹೇಳುವುದು ಕಮ್ಮಿ ಮಾಡುತ್ತಾರೆ. ಆಮೇಲೆ ಇಬ್ಬರನ್ನೂ ಕೂರಿಸಿ. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ತಮ್ಮ ಮಾತು ಹೇಳುವ ಮುಂಚೆ ಎದುರಿನವರು ಏನು ಹೇಳಿದರು ಅಂತ ಹೇಳಬೇಕು. "ಅವಳು ಏನಂದ್ಲು, ನೀನು ಹೇಳು ನೋಡೋಣ." ಮೊದಲ ಸಲ ತಪ್ಪಾಗಿ ಹೇಳುತ್ತಾರೆ. ಎದುರಿನವರು ತಿದ್ದುತ್ತಾರೆ. ಮತ್ತೆ ಹೇಳುತ್ತಾರೆ. ಆ ತಿದ್ದುವುದರಲ್ಲೇ ದನಿ ಇಳಿದು ಬರುತ್ತದೆ.

ಕೈ ಕುಲುಕಿಸುವುದು, "ಈಗ ನಗು ನೋಡೋಣ" ಅನ್ನುವುದು ಮಾಡಬೇಡಿ. ಮುಂದಿನ ವಾರ ಯಾವ ಕೆಲಸ ಹೇಗೆ ಮಾಡುವುದು ಅಂತ ಒಪ್ಪಿಸಿ ಕಳಿಸಿ, ಒಂದು ವಾರ ಬಿಟ್ಟು ಇಬ್ಬರನ್ನೂ ಮತ್ತೆ ಕೇಳಿ. ಮತ್ತೆ ಕೇಳುವುದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಹಳೆ ಜಗಳ ತಿರುಗಿ ಬರುವುದು ಅಲ್ಲೇ.

ಎಷ್ಟು ಹೇಳಿದರೂ ಬದಲಾಗದವರು ಇದ್ದೇ ಇರುತ್ತಾರೆ. ಅವರ ಜೊತೆ ಕೆಲಸದ ಮಾತು ಮಾತ್ರ ಆಡಿ, ಕೊಟ್ಟದ್ದು ತಗೊಂಡದ್ದು ಪುಸ್ತಕದಲ್ಲಿ ಬರೆದಿಡಿ. ಕೆಣಕಿದರೆ ಉತ್ತರ ಬೇಡ.

ಸಾಹುಕಾರರ ಹತ್ತಿರ ಹೋಗುವಾಗ

ಬೆಳಿಗ್ಗೆ ಪೂಜೆ ಹೊತ್ತಲ್ಲಿ ಹೋಗಬೇಡಿ, ರಾತ್ರಿ ಕ್ಯಾಶ್ ಎಣಿಸುವಾಗ ಹೋಗಬೇಡಿ. ಒಂದೇ ವಿಷಯ ಹಿಡಿದು ಹೋಗಿ. ಅದನ್ನು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ದಿನ ಏನಾಯ್ತು, ವ್ಯಾಪಾರಕ್ಕೆ ಏನು ತೊಂದರೆ ಆಗುತ್ತಿದೆ, ಏನು ಮಾಡಿದರೆ ಸರಿ ಹೋಗುತ್ತದೆ. "ಅವಳನ್ನ ತೆಗೀರಿ ಇಲ್ಲಾ ನನ್ನ ತೆಗೀರಿ" ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಜಗಳ ಸಾಹುಕಾರರ ನೆಂಟರ ಜೊತೆಯೇ ಆದರೆ ಇನ್ನೂ ಹುಷಾರಾಗಿರಬೇಕು. ಆ ಮನುಷ್ಯರ ಬಗ್ಗೆ ಒಂದು ಮಾತೂ ಬೇಡ. ಆದದ್ದನ್ನು ಮಾತ್ರ ಹೇಳಿ.

ನಮ್ಮಪ್ಪ ಇಲ್ಲಿಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ದಾವಣಗೆರೆಯಲ್ಲಿ ಕಾರ್ಮಿಕ ಸಂಘಟನೆಯೂ ಜೋರಾಗಿತ್ತು. ಕಾರ್ಮಿಕರ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಇಲ್ಲಿಂದಲೇ ಶಾಸಕರಾಗಿದ್ದರು. ಅಪ್ಪ ಹೇಳುತ್ತಿದ್ದರು, ಶಿಫ್ಟಿನ ತೊಂದರೆ ಆದರೆ ಅವರು ಸಂಘಕ್ಕೆ ಬರೆದು ಕೊಡುತ್ತಿದ್ದರಂತೆ, ಪಕ್ಕದ ಮಗ್ಗದವನ ಮೇಲೆ ಕೂಗಾಡುತ್ತಿರಲಿಲ್ಲವಂತೆ. ಅಂಗಡಿ ಕೆಲಸದವರಿಗೆ ಅಂಥದ್ದೊಂದು ಜಾಗವಿಲ್ಲ. ಆದ್ದರಿಂದಲೇ ಎಲ್ಲವೂ ವೈಯಕ್ತಿಕ ಜಗಳ ಆಗಿಬಿಡುತ್ತದೆ ಅಂತ ನನಗೆ ಅನ್ನಿಸುತ್ತದೆ. 20 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು ಅಂತ ಕಾನೂನು ಹೇಳುತ್ತದೆ. ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು ಸಮ ಸಮ ಇರಬೇಕು. ನಿಮ್ಮಲ್ಲಿ ಅಷ್ಟು ಜನ ಇದ್ದರೆ ಕೇಳಿ. ಒಬ್ಬರೇ ಕೇಳಬೇಡಿ, ನಾಲ್ಕೈದು ಜನ ಸಹಿ ಹಾಕಿ ಕೇಳಿ.

ರಾಜಿ ಬೇಡದ ವಿಷಯಗಳು

ಇಲ್ಲಿಂದ ಮುಂದೆ ನಾನು ಮೇಲೆ ಹೇಳಿದ ಯಾವ ಉಪಾಯವೂ ನಡೆಯುವುದಿಲ್ಲ. ಗೋಡೌನಿನಲ್ಲಿ ಮೈ ಮುಟ್ಟುವುದು, ಬೇಕಂತಲೇ ತಾಗಿಸಿಕೊಂಡು ಹೋಗುವುದು, ರಾತ್ರಿ ಹೊತ್ತು ಕೆಟ್ಟ ಮೆಸೇಜ್ ಕಳಿಸುವುದು, "ನನ್ ಮಾತು ಕೇಳಿದ್ರೆ ಸಂಬಳ ಜಾಸ್ತಿ ಮಾಡಿಸ್ತೀನಿ" ಅನ್ನುವುದು. ಇದನ್ನು ಯಾರೂ ಇಬ್ಬರನ್ನು ಕೂರಿಸಿ ಮಾತಾಡಿಸಿ ಮುಗಿಸಬಾರದು. ಇನ್‌ಚಾರ್ಜ್ ಅದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು.

ಇದು ಲೈಂಗಿಕ ಕಿರುಕುಳ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಇದು ಆಗದಂತೆ ತಡೆಯಲು 2013ರ ಕಾನೂನಿದೆ. ಗಂಡಸರು ಹೆಂಗಸರು ಸೇರಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಮುಖ್ಯಸ್ಥರು ಅಲ್ಲಿ ಕೆಲಸ ಮಾಡುವ ಹಿರಿಯ ಮಹಿಳೆ ಆಗಿರಬೇಕು. ಸದಸ್ಯರಲ್ಲಿ ಅರ್ಧವಾದರೂ ಮಹಿಳೆಯರಿರಬೇಕು. ಹೊರಗಿನವರು ಒಬ್ಬರು ಇರಬೇಕು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿ ತನಕ ದಂಡ ಇದೆ. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ, ಅಲ್ಲಿಗೆ ಕೊಡಬೇಕು. ಆನ್‌ಲೈನ್‌ನಲ್ಲಿ ಶೀ-ಬಾಕ್ಸ್ ಅನ್ನುವ ಕೇಂದ್ರ ಸರ್ಕಾರದ ದೂರಿನ ಜಾಲತಾಣದ ಮೂಲಕವೂ ಕೊಡಬಹುದು.

ಘಟನೆ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರ ತನಕ ಬೇರೆ ವಿಭಾಗಕ್ಕೆ ಹಾಕಿ ಅಂತ ಕೇಳಬಹುದು, ಮೂರು ತಿಂಗಳ ತನಕ ರಜೆಯನ್ನೂ ಕೇಳಬಹುದು. ರಾಜಿ ಬೇಕು ಅಂತ ಆ ಹೆಣ್ಣುಮಗಳೇ ಕೇಳಿದರೆ ಮಾತ್ರ ರಾಜಿ. ಅದೂ ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ರಾಜಿ ನಡೆಯುವುದಿಲ್ಲ. ಆಕೆಯ ಹೆಸರು ಹೊರಗೆ ಬರಬಾರದು. ಅಸಭ್ಯವಾಗಿ ನಡೆದುಕೊಳ್ಳುವವರು ಗಿರಾಕಿಯೇ ಆದರೂ ಕೆಲಸದವರನ್ನು ಕಾಪಾಡುವ ಹೊಣೆ ಮಾಲೀಕರದ್ದು. ಇದನ್ನು ಬಟ್ಟೆ ಅಂಗಡಿಯವರು ಗಟ್ಟಿಯಾಗಿ ನೆನಪಿಡಬೇಕು. "ದೊಡ್ಡ ಗಿರಾಕಿ, ಸಹಿಸ್ಕೋ" ಅನ್ನುವ ಮಾತನ್ನು ನಾನು ನನ್ನ ಮಹಡಿಯಲ್ಲಿ ಆಡಲು ಬಿಡುವುದಿಲ್ಲ.

ಮೆಸೇಜ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಇನ್ನೊಬ್ಬರಿಗೂ ಕಳಿಸಿಡಿ. ದಿನ, ಹೊತ್ತು, ಜಾಗ, ಆಡಿದ ಮಾತು, ಹತ್ತಿರ ಯಾರಿದ್ದರು ಅನ್ನುವುದನ್ನು ಅವತ್ತೇ ಬರೆದಿಡಿ.

ಜಾತಿ ಹಿಡಿದು ಬೈಯುವುದು, ನೀರಿನ ಲೋಟ ಬೇರೆ ಇಡುವುದು, ಊಟಕ್ಕೆ ದೂರ ಕೂರಿಸುವುದು ಕೂಡ "ನಿಮ್ಮಿಬ್ಬರ ಜಗಳ" ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆ ಇದೆ, ನೇರ ಪೊಲೀಸ್ ಠಾಣೆಗೆ ಹೋಗಬಹುದು. ಕೈ ಮಾಡಿದರೂ ಅಷ್ಟೇ. ಸಂಬಳ ಹಿಡಿದರೆ, ವಾರದ ರಜೆ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಬರೆದು ಕೊಡಿ. ಕರ್ನಾಟಕದ ಅಂಗಡಿಗಳ ಕಾಯ್ದೆ 1961ರದ್ದು. ಅದರ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ. "ನಾಳೆಯಿಂದ ಬರಬೇಡ" ಅಂದ ಕೂಡಲೇ ಅಳುತ್ತಾ ಬಸ್ ಹತ್ತುವ ಹುಡುಗಿಯರಿಗೆ ಇದು ಗೊತ್ತಿರಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಬಿಡಬೇಕು ಅನ್ನಿಸಿದಾಗ

ಭಾನುವಾರ ಸಂಜೆಯಿಂದಲೇ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಅಂಗಡಿ ಮೆಟ್ಟಿಲು ಹತ್ತುವಾಗ ಹೊಟ್ಟೆಯಲ್ಲಿ ಸಂಕಟ. ಇಷ್ಟಾಗಿದ್ದರೆ ಸುಮ್ನೆ ತಾಳಿಕೊಂಡು ಕೂರಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ ಇದೆ, 14416. ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಯಾರಿಗೂ ಹೇಳಬೇಕಾಗಿಯೂ ಇಲ್ಲ.

ಕೆಲಸ ಬಿಡುವುದೇ ಸರಿ ಅನ್ನಿಸಿದರೆ ಜಗಳದ ದಿನ ಬಿಡಬೇಡಿ. ಮೊದಲು ಬೇರೆ ಕಡೆ ಕೇಳಿಟ್ಟುಕೊಳ್ಳಿ. ನಮ್ಮೂರಲ್ಲಿ ಮಂಡಿಪೇಟೆಯಲ್ಲಿ ಆಡಿದ ಮಾತು ಪಿ.ಜೆ. ಬಡಾವಣೆ ತಲುಪಲು ಹೊತ್ತು ಹಿಡಿಯುವುದಿಲ್ಲ. ಹಾಗಾಗಿ ಹೊಸ ಕಡೆ ಹಳೆ ಅಂಗಡಿಯ ಪುರಾಣ ಬಿಚ್ಚಬೇಡಿ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಒಂದೇ ವಾಕ್ಯ ಸಾಕು. ಹಳೆ ಕಡೆಯಿಂದ ಬಾಕಿ ಸಂಬಳ, ಇನ್ಸೆಂಟಿವ್ ಲೆಕ್ಕ, ಅನುಭವದ ಪತ್ರ ಕೈಗೆ ತಗೊಂಡೇ ಹೊರಡಿ. ಪಿಎಫ್ ಹಿಡಿಯುತ್ತಿದ್ದರೆ ನಿಮ್ಮ ಪಿಎಫ್ ಗುರುತಿನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಅದಕ್ಕೆ ಸೇರಿಸಿದ ಮೊಬೈಲ್ ನಂಬರ್ ನಿಮ್ಮದೇನಾ ಅಂತ ನೋಡಿಕೊಳ್ಳಿ. ಹೊಸ ಕಡೆ ಸೇರುವ ಮುಂಚೆ ಸಂಬಳ ಎಷ್ಟು ಅಂತ ಮಾತ್ರ ಕೇಳಿ ಬರಬೇಡಿ. ವಾರದ ರಜೆ ಯಾವತ್ತು, ಇನ್ಸೆಂಟಿವ್ ಹೇಗೆ ಹಂಚುತ್ತಾರೆ, ಹೆಣ್ಣುಮಕ್ಕಳ ದೂರು ಸಮಿತಿಯಲ್ಲಿ ಯಾರಿದ್ದಾರೆ ಅಂತಲೂ ಕೇಳಿ. ಆಮೇಲೆ ಅಲ್ಲೇ ಕೆಲಸ ಮಾಡುವ ಒಬ್ಬರನ್ನು ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿಸಿ, ಇದೇ ಮೂರು ಪ್ರಶ್ನೆ ಅವರಿಗೂ ಕೇಳಿ. ಎರಡೂ ಕಡೆಯ ಉತ್ತರ ಒಂದೇ ಇದ್ದರೆ ಸೇರಿ.